ಚೆಂಡೆಯ ಹಿಂದಿನ ಮದ್ದಳೆ

ಎಸಿ/ಡಿಸಿಯ ಆಲ್ಬಮ್‌ಗಳಿಗೆ ರ‍್ಯಾಂಕ್ ಕೊಡುತ್ತೇನೆ ಎಂದರೆ ಮೊದಲು ನಗುವವರು ಉಳಿದ ರಾಕ್ ಅಭಿಮಾನಿಗಳೇ. "ಇರುವುದೇ ಒಂದು ಆಲ್ಬಮ್, ಅದನ್ನೇ ಹದಿನಾರು ಸಲ ಮಾಡಿದ್ದಾರೆ, ಅದಕ್ಕೆಂಥ ರ‍್ಯಾಂಕು?" ಎನ್ನುತ್ತಾರೆ. ಪಿಂಕ್ ಫ್ಲಾಯ್ಡ್ ಮೆಚ್ಚುವವರು ಹೀಗೆ ಹೇಳುವಾಗ ಮುಖದಲ್ಲಿ ತುಸು ಕನಿಕರವೂ ಇರುತ್ತದೆ. ನನಗೇನೂ ಬೇಜಾರಿಲ್ಲ. ಒಂದೇ ಯಕ್ಷಗಾನ ಪ್ರಸಂಗವನ್ನು ನಾಲ್ಕು ಮೇಳಗಳಲ್ಲಿ ನೋಡಿ, ಯಾವ ಮೇಳದ್ದು ಕಳೆಗಟ್ಟಿತು ಎಂದು ಮಾರನೆಯ ದಿನವಿಡೀ ಹೋಟೆಲಿನಲ್ಲಿ ಕೂತು ಜಗಳಾಡುವವರ ಊರಿನಲ್ಲಿ ಬೆಳೆದವನು ನಾನು. ಕತೆ ಗೊತ್ತಿರುವುದರಿಂದಲೇ ಆಟದ ಹೆಚ್ಚುಕಡಿಮೆ ಕಾಣಿಸುವುದು.

ಈ ಬ್ಯಾಂಡಿನ ಕತೆಯಂತೂ ಒಂದು ಕೂಡುಕುಟುಂಬದ್ದು. ಗ್ಲಾಸ್ಗೋದ ಯಂಗ್ ಮನೆತನ 1963ರಲ್ಲಿ, ಬ್ರಿಟನ್ನಿನಲ್ಲಿ ಹಿಮ ಸುರಿದು ಜನ ಹೈರಾಣಾದ ಚಳಿಗಾಲ ಕಳೆದ ಮೇಲೆ, ಗಂಟುಮೂಟೆ ಕಟ್ಟಿ ಸಿಡ್ನಿಗೆ ಹೋಯಿತು. ಅಣ್ಣ ಜಾರ್ಜ್ ಅಲ್ಲಿ ಈಸಿಬೀಟ್ಸ್ ಎಂಬ ತಂಡ ಸೇರಿ ಹೆಸರು ಮಾಡಿದ. ತಮ್ಮಂದಿರಾದ ಮಾಲ್ಕಮ್ ಮತ್ತು ಆಂಗಸ್ 1973ರ ಕೊನೆಯಲ್ಲಿ ತಮ್ಮದೇ ತಂಡ ಕಟ್ಟಿದರು. ಹೆಸರು ಕೊಟ್ಟದ್ದು ಅಕ್ಕ ಮಾರ್ಗರೆಟ್. ಹೊಲಿಗೆ ಯಂತ್ರದ ಮೇಲೆ ಬರೆದಿದ್ದ 'ಎಸಿ/ಡಿಸಿ' ಅವಳ ಕಣ್ಣಿಗೆ ಬಿದ್ದಿತ್ತು. ಆಂಗಸ್ ಶಾಲೆಯ ಹುಡುಗನಂತೆ ಚಡ್ಡಿ, ಕೋಟು, ಟೈ ಹಾಕಿಕೊಂಡು ವೇದಿಕೆ ಹತ್ತಲಿ ಎಂದವಳೂ ಅವಳೇ. ಎಪ್ಪತ್ತು ತುಂಬಿದರೂ ಆತ ಆ ಚಡ್ಡಿ ಬಿಟ್ಟಿಲ್ಲ. ಇನ್ನು ಮಾಲ್ಕಮ್, ಶಾಲೆ ಬಿಟ್ಟ ಮೇಲೆ, ಹೆಂಗಸರ ಒಳ ಉಡುಪು ತಯಾರಿಸುವ ಸಿಡ್ನಿಯ ಕಾರ್ಖಾನೆಯೊಂದರಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ.

ಇದನ್ನು ಓದಿದ ದಿನ ನನಗೆ ಅಮ್ಮನ ನೆನಪಾಗಿ ನಗು ಬಂತು. ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಅಮ್ಮ ಅಕ್ಕಪಕ್ಕದವರಿಗೆ ರವಿಕೆ ಹೊಲಿದು ಕೊಡುತ್ತಿದ್ದಳು. ತುಳಿದು ತುಳಿದು ಮೊಣಕಾಲು ಹಿಡಿದುಕೊಂಡಾಗ ಅಪ್ಪ ಮಿಷನ್ನಿಗೊಂದು ಸಣ್ಣ ಮೋಟರು ತಂದು ಕೂರಿಸಿದ್ದರು. ಆ ಮೋಟರಿನ ತಗಡಿನ ಪಟ್ಟಿಯಲ್ಲಿ ವೋಲ್ಟೇಜಿನ ಪಕ್ಕ ಇದ್ದದ್ದೂ ಇವೇ ನಾಲ್ಕು ಅಕ್ಷರ. ಸುರತ್ಕಲ್ಲಿನ ಹಾಸ್ಟೆಲಿನಿಂದ ರಜೆಗೆ ಬಂದವನು ಮೊದಲ ಸಲ ಕ್ಯಾಸೆಟ್ ತಂದಾಗ ಅವಳು ಕನ್ನಡಕ ಮೇಲೆ ಮಾಡಿ ಕವರು ನೋಡಿದಳು. "ಇದು ನಮ್ಮ ಮೋಟರಿನ ಮೇಲೆ ಬರೆದದ್ದಲ್ಲವಾ? ಇದರಲ್ಲಿ ಪದ್ಯ ಬೇರೆ ಉಂಟಾ?" ಹಾಕಿ ಕೇಳಿಸಿದೆ. ರವಿಕೆಯ ಕಂಕುಳು ಕೂಡಿಸುತ್ತಲೇ ಒಂದು ಹಾಡು ಪೂರ್ತಿ ಕೇಳಿದಳು. "ಇವನು ಯಾಕೆ ಹೀಗೆ ಬೊಬ್ಬೆ ಹೊಡೆಯುವುದು? ಆದರೆ ತಾಳ ಬಿಡುವುದಿಲ್ಲ ಮಾರಾಯ" ಎಂದು ದಾರ ಕಚ್ಚಿ ತುಂಡರಿಸಿದಳು. ಈ ಬ್ಯಾಂಡಿನ ಬಗ್ಗೆ ಆಮೇಲೆ ನಾನು ಓದಿದ ಎಷ್ಟೋ ವಿಮರ್ಶೆಗಳಲ್ಲಿ ಇಷ್ಟು ಸರಿಯಾದ ಮಾತು ಸಿಗಲಿಲ್ಲ.

ನನ್ನ ಪಟ್ಟಿಗೂ ಅದೇ ಅಳತೆಗೋಲು. ಯಾವ ಆಲ್ಬಮ್‌ನಲ್ಲಿ ತಾಳ ಗಟ್ಟಿಯಾಗಿದೆ, ಯಾವುದರಲ್ಲಿ ಮಾಲ್ಕಮ್ ಕೇಳಿಸುತ್ತಾನೆ ಎಂಬುದಷ್ಟೇ ಪ್ರಶ್ನೆ. ಆಂಗಸ್‌ನ ಗಿಟಾರು ಎಲ್ಲದರಲ್ಲೂ ಕೇಳಿಸುತ್ತದೆ, ಅದು ಚೆಂಡೆ. ಗದ್ದೆಯಾಚೆಗಿನ ಮನೆಯವರೆಗೂ ಕೇಳುವುದು ಚೆಂಡೆಯೇ. ಆದರೆ ರಂಗದ ಮೇಲೆ ವೇಷದ ಕಾಲು ನಡೆಯುವುದು ಮದ್ದಳೆಯ ನಡೆಗೆ. ಮಾಲ್ಕಮ್ ಆ ಮದ್ದಳೆ. ಅವನು ನುಡಿಸುತ್ತಿದ್ದ ಗ್ರೆಟ್ಷ್ ಗಿಟಾರು ಈಸಿಬೀಟ್ಸ್ ಕಾಲದ್ದು, ಅಣ್ಣನ ಗೆಳೆಯ ಹ್ಯಾರಿ ವಾಂಡಾನ ಕೈಯಿಂದ ಬಂದದ್ದು. ಅದರ ಮೇಲಿನ ಬಣ್ಣವನ್ನೆಲ್ಲ ಕೆರೆದು ಬಿಳಿ ಮರ ಮಾಡಿದ್ದ. ತಂತಿಯ ದನಿ ಹಿಡಿಯುವ ಪಿಕಪ್‌ಗಳಲ್ಲಿ ಬೇಕಾದ ಒಂದನ್ನು ಬಿಟ್ಟು ಉಳಿದದ್ದನ್ನು ಕಿತ್ತು, ಆ ತೂತಿಗೆ ಒಂದು ಕಾಲದಲ್ಲಿ ಕಾಲುಚೀಲ ತುರುಕಿದ್ದನಂತೆ. ಆ್ಯಂಪ್ಲಿಫೈಯರಿನ ಸದ್ದನ್ನು ಉಳಿದವರಷ್ಟು ಏರಿಸುತ್ತಿರಲಿಲ್ಲ. ಅದರ ಬದಲು ದಪ್ಪ ತಂತಿ ಹಾಕಿ, ಬಲಗೈಯಿಂದ ಬಲವಾಗಿ ಹೊಡೆದು, ಕೂಡಲೇ ಅಂಗೈ ಒತ್ತಿ ದನಿ ನಿಲ್ಲಿಸುತ್ತಿದ್ದ. ಆ ನಿಲ್ಲಿಸುವುದರಲ್ಲೇ ಇವರ ಸಂಗೀತದ ಗುಟ್ಟು ಇದೆ. ಎರಡು ಹೊಡೆತಗಳ ನಡುವೆ ಖಾಲಿ ಬಿಟ್ಟ ಜಾಗದಲ್ಲಿ ಫಿಲ್ ರಡ್‌ನ ಡ್ರಮ್ಮು ಬಂದು ಕೂರುತ್ತದೆ. ಆ ಜಾಗವನ್ನು ತುಂಬಿಸಿಬಿಟ್ಟ ಆಲ್ಬಮ್‌ಗಳೆಲ್ಲ ನನ್ನ ಪಟ್ಟಿಯಲ್ಲಿ ಕೆಳಗೆ.

ಕೆಳಗಿನವನ್ನು ಬೇಗ ಮುಗಿಸಿಬಿಡುತ್ತೇನೆ. 1985ರ 'ಫ್ಲೈ ಆನ್ ದ ವಾಲ್' ಕೊನೆಯದು. ಗಾಯಕ ಬ್ರಯಾನ್ ಜಾನ್ಸನ್ ಪಕ್ಕದ ಕೋಣೆಯಲ್ಲಿ ಕದ ಹಾಕಿಕೊಂಡು ಹಾಡುತ್ತಿದ್ದಾನೋ ಎನಿಸುವಂಥ ಧ್ವನಿಮುದ್ರಣ. 1988ರ 'ಬ್ಲೋ ಅಪ್ ಯುವರ್ ವಿಡಿಯೊ'ದಲ್ಲಿ ಎರಡು ಒಳ್ಳೆಯ ಹಾಡಿವೆ, ಆಮೇಲೆ ಗಾಳಿ ಹೋದ ಟಯರು. 'ಬ್ಲ್ಯಾಕ್ ಐಸ್' ಉದ್ದವಾಯಿತು. 'ಫ್ಲಿಕ್ ಆಫ್ ದ ಸ್ವಿಚ್' ಬಗ್ಗೆ ಮಾತ್ರ ನನಗೆ ಒಳಗೊಳಗೇ ಪ್ರೀತಿ. ಅವರೇ ನಿರ್ಮಾಣ ಮಾಡಿಕೊಂಡ, ಒಣ ಕಟ್ಟಿಗೆಯಂಥ ಆಲ್ಬಮ್. ಎಲ್ಲರೂ ಬೈಯುತ್ತಾರೆ ಎಂದೇ ಅದನ್ನು ಒಂಬತ್ತಕ್ಕೆ ಏರಿಸಿದ್ದೇನೆ.

ಜಗಳ ಇರುವುದು ಮೇಲೆ. ಜಗಳಕ್ಕೆ ಎದುರಾಳಿ ತಂಗಿಯ ಮಗ, ಮೆಲ್ಬರ್ನಿನಲ್ಲಿ ಕೆಲಸದಲ್ಲಿದ್ದಾನೆ. ಈ ಹುಚ್ಚು ಹಿಡಿಸಿದವನು ನಾನೇ, ಈಗ ನನಗೇ ಪಾಠ ಹೇಳುತ್ತಾನೆ. ಅವನಿಗೆ 'ಬ್ಯಾಕ್ ಇನ್ ಬ್ಲ್ಯಾಕ್' ಮೊದಲನೆಯದು. ಅದರಾಚೆಗೆ ಮಾತೇ ಇಲ್ಲ.

ಅವನ ವಾದ ಸುಲಭದಲ್ಲಿ ತಳ್ಳಿಹಾಕುವಂಥದ್ದಲ್ಲ. 1980ರ ಫೆಬ್ರವರಿ 19ರಂದು ಲಂಡನ್ನಿನಲ್ಲಿ ಗಾಯಕ ಬಾನ್ ಸ್ಕಾಟ್ ತೀರಿಕೊಂಡ, ಕುಡಿತದಿಂದ, ಮೂವತ್ತಮೂರನೆಯ ವಯಸ್ಸಿನಲ್ಲಿ. 'ಹೈವೇ ಟು ಹೆಲ್' ಅಮೆರಿಕದಲ್ಲಿ ಆಗಷ್ಟೇ ಹೆಸರು ತಂದುಕೊಟ್ಟಿತ್ತು. ಬೇರೆ ತಂಡವಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇವರು ನ್ಯೂಕ್ಯಾಸಲ್ಲಿನ ಬ್ರಯಾನ್ ಜಾನ್ಸನ್‌ನನ್ನು ಕರೆತಂದು, ಬಹಾಮಾಸ್ ದ್ವೀಪಗಳ ನಾಸಾವಿನ ಕಂಪಾಸ್ ಪಾಯಿಂಟ್ ಸ್ಟುಡಿಯೊದಲ್ಲಿ ಕೂತು, ಜುಲೈ 25ಕ್ಕೆ ಆಲ್ಬಮ್ ಹೊರತಂದರು. ಸೂತಕದ ಗುರುತಾಗಿ ಮುಖಪುಟ ಬರೀ ಕಪ್ಪು. ಲೋಕದಲ್ಲಿ ಸುಮಾರು ಐದು ಕೋಟಿ ಪ್ರತಿ ಮಾರಾಟವಾಗಿದೆ ಎಂದು ಅಂದಾಜು.

ಅದರ ಮೊದಲ ಹಾಡು ಶುರುವಾಗುವುದು ಒಂದು ಗಂಟೆಯ ಸದ್ದಿನಿಂದ, ಸತ್ತವನಿಗೆ ಹೊಡೆಯುವ ಗಂಟೆ. ಇಂಗ್ಲೆಂಡಿನ ಲಾಫ್‌ಬರೋ ಊರಿನಲ್ಲಿ ಜಾನ್ ಟೇಲರ್ ಎಂಬ ಹಳೆಯ ಗಂಟೆ ಎರಕದವರಿದ್ದಾರೆ. ಒಂಬೈನೂರು ಕಿಲೋ ತೂಗುವ ಕಂಚಿನ ಗಂಟೆಗೆ ಅವರಲ್ಲಿ ಹೇಳಿಟ್ಟಿದ್ದರು. ಅದು ಸಿದ್ಧವಾಗುವ ಮೊದಲೇ ಸದ್ದು ಬೇಕಾಯಿತು. ಆಗ ಎಂಜಿನಿಯರ್ ಟೋನಿ ಪ್ಲಾಟ್ ಅದೇ ಊರಿನ ಯುದ್ಧಸ್ಮಾರಕ ಗೋಪುರದ ಗಂಟೆಯ ಬಳಿ ಮೈಕುಗಳನ್ನು ಇಟ್ಟ. ಗಂಟೆ ಹೊಡೆದರೆ ಒಳಗೆ ಗೂಡು ಕಟ್ಟಿದ್ದ ಹಕ್ಕಿಗಳೆಲ್ಲ ಭರ‍್ರೆಂದು ಎದ್ದವು, ಟೇಪಿನ ತುಂಬ ರೆಕ್ಕೆಯ ಸದ್ದು. ಹೊಡೆದಷ್ಟು ಸಲವೂ ಅದೇ ಗತಿ. ಕಡೆಗೆ ಎರಕದ ಕಾರ್ಖಾನೆಗೇ ಹೋಗಿ, ಹೊಸ ಗಂಟೆಯನ್ನು ಅಲ್ಲೇ ತೂಗುಹಾಕಿಸಿ, ಹೊಡೆಸಿ, ಧ್ವನಿ ಹಿಡಿದರು. ಆಮೇಲೆ ಟೇಪಿನ ವೇಗ ತಗ್ಗಿಸಿ ಅದನ್ನು ಇನ್ನಷ್ಟು ಮಂದ್ರಕ್ಕೆ ಇಳಿಸಿದರು. ಎದೆಗೆ ಬಂದು ತಾಗುವುದು ಆ ಇಳಿಸಿದ ಗಂಟೆ.

ಹಾಡೊಂದರ ಆರಂಭಕ್ಕೆ ಇಷ್ಟು ತಾಳ್ಮೆ ತೋರಿಸುವ ಜನರನ್ನು 'ಒಂದೇ ಹಾಡು ಹಾಡುವವರು' ಎಂದು ಹೇಗೆ ಹಗುರ ಮಾಡುವುದು? ಅದಿರಲಿ. 'ಬ್ಯಾಕ್ ಇನ್ ಬ್ಲ್ಯಾಕ್' ನನ್ನಲ್ಲಿ ಎರಡನೆಯದು.

"ಮಂಡೆ ಸಮ ಉಂಟಾ ಮಾವ ನಿಮಗೆ?" ಎಂದ ಅಳಿಯ. "ಅಮೆರಿಕದಲ್ಲಿ ನೂರರೊಳಗೂ ಬಾರದ ಆಲ್ಬಮ್ಮನ್ನು ಮೇಲೆ ಇಡುತ್ತೀರಲ್ಲ!"

ಅವನು ಹೇಳಿದ್ದು 1978ರ 'ಪವರೇಜ್' ವಿಷಯ. ಅಲ್ಲಿನ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಏರಿದ್ದು 133ರವರೆಗೆ ಮಾತ್ರ. ನಿರ್ಮಾಣ ಅಣ್ಣ ಜಾರ್ಜ್ ಮತ್ತು ಹ್ಯಾರಿ ವಾಂಡಾ ಅವರದು. ಮುಂಚಿನ ವರ್ಷದ 'ಲೆಟ್ ದೇರ್ ಬಿ ರಾಕ್' ಮುದ್ರಣದ ವೇಳೆ ಆಂಗಸ್‌ನ ಆ್ಯಂಪ್ಲಿಫೈಯರಿನಿಂದ ಹೊಗೆ ಏಳುತ್ತಿದ್ದರೂ ನಿಲ್ಲಿಸಬೇಡ, ನುಡಿಸು ಎಂದು ಗಾಜಿನ ಆಚೆಯಿಂದ ಕೈಬೀಸಿದವನು ಇದೇ ಜಾರ್ಜ್. ಆ ಹೊಗೆಯ ಆಲ್ಬಮ್ಮಿಗೆ ನನ್ನಲ್ಲಿ ಮೂರನೆಯ ಸ್ಥಾನ. ಅಲ್ಲಿ ಎಲ್ಲರೂ ಓಡುತ್ತಾರೆ. 'ಪವರೇಜ್‌'ನಲ್ಲಿ ನಡೆಯುತ್ತಾರೆ.

'ಡೌನ್ ಪೇಮೆಂಟ್ ಬ್ಲೂಸ್' ತೆಗೆದುಕೊಳ್ಳಿ. ಕೈಯಲ್ಲಿ ಕಾಸಿಲ್ಲದೆ ಕಂತಿನಲ್ಲಿ ಬದುಕುವವನ ಹಾಡು. ಮೊದಲಿಗೆ ಒಂದೇ ಗಿಟಾರು, ಅವಸರವಿಲ್ಲ. ಡ್ರಮ್ಮಿನವನು ತಾಳವನ್ನು ಬರೀ ಸೂಚಿಸುತ್ತಾನೆ. ಉಳಿದವರೆಲ್ಲ ಸೇರಿದಾಗಲೂ ಆ ಮೊದಲ ಗಿಟಾರಿನ ನಡೆ ಬದಲಾಗುವುದಿಲ್ಲ. ಸುತ್ತ ಮನೆ ಎದ್ದರೂ ಕಂಬ ಇದ್ದಲ್ಲೇ ಇದೆ. ಬಾನ್ ಸ್ಕಾಟ್ ಬರೆದದ್ದು ಅವನೇ ಅನುಭವಿಸಿದ ಬಡತನ, ಆದರೆ ಅಳುವುದಿಲ್ಲ, ಹಲ್ಲು ಕಿರಿದು ಹೇಳುತ್ತಾನೆ. 'ಗಾನ್ ಷೂಟಿನ್‌' ಹಾಡಿನಲ್ಲಿ ಮಾಲ್ಕಮ್ ನುಡಿಸುವುದಕ್ಕಿಂತ ಸುಮ್ಮನಿರುವುದೇ ಹೆಚ್ಚೋ ಏನೋ. ಹೆಡ್‌ಫೋನಿನಲ್ಲಿ ಒಂದು ಕಿವಿಗೆ ಆಂಗಸ್, ಇನ್ನೊಂದಕ್ಕೆ ಮಾಲ್ಕಮ್. ಆಂಗಸ್‌ನ ಕಿವಿಯನ್ನು ಮುಚ್ಚಿ ಕೇಳಬೇಕು. ಹಾಸ್ಟೆಲಿನಲ್ಲಿ ನಮ್ಮ ಟೇಪ್‌ರೆಕಾರ್ಡರಿಗೆ ಒಂದೇ ಸ್ಪೀಕರು, ಕ್ಯಾಸೆಟ್ಟೋ ನಾಲ್ಕು ಕೈ ದಾಟಿ ನಕಲಾದದ್ದು. ಅದರಲ್ಲಿ ಆಂಗಸ್ ಮಾತ್ರ ಕೇಳುತ್ತಿದ್ದ. ಮಾಲ್ಕಮ್ ಸಿಕ್ಕಿದ್ದು ಸಂಬಳ ಬರತೊಡಗಿ ಸಿಡಿ ಕೊಂಡ ಮೇಲೆ. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್‌ಗೂ ಇವರದರಲ್ಲಿ 'ಪವರೇಜ್' ಅಚ್ಚುಮೆಚ್ಚು. ಇದನ್ನು ಅಳಿಯನಿಗೆ ಹೇಳಿದರೆ "ಅವರಿಗೂ ವಯಸ್ಸಾಯಿತಲ್ಲ ಮಾವ" ಎನ್ನುತ್ತಾನೆ.

ಮೆಲ್ಬರ್ನಿಗೆ ಹೋಗಿದ್ದಾಗ ಅವನು ಎಸಿಡಿಸಿ ಲೇನ್ ತೋರಿಸಿದ. ಮೊದಲು ಕಾರ್ಪೊರೇಷನ್ ಲೇನ್ ಎಂದಿದ್ದ ಹಿಂಬದಿಯ ಓಣಿಗೆ ಅಲ್ಲಿನ ನಗರಾಡಳಿತ 2004ರಲ್ಲಿ ಬ್ಯಾಂಡಿನ ಹೆಸರಿಟ್ಟಿತು. ಎರಡು ಜೋಡಿ ಅಕ್ಷರಗಳ ನಡುವಿನ ಮಿಂಚು ಮಾತ್ರ ಫಲಕದಲ್ಲಿಲ್ಲ, ಸರಕಾರಿ ನಾಮಕರಣದ ನಿಯಮಕ್ಕೆ ಮಿಂಚು ಒಗ್ಗುವುದಿಲ್ಲವಂತೆ. ಗೋಡೆಯ ಚಿತ್ರಗಳ ಎದುರು ನಿಲ್ಲಿಸಿ ನನ್ನ ಫೋಟೊ ತೆಗೆದ. ನಾನು ಸ್ವೆಟರು, ಮಫ್ಲರಿನಲ್ಲಿ ಯಾವುದೋ ಮಠದ ಪಾರುಪತ್ಯಗಾರನಂತೆ ಬಂದಿದ್ದೇನೆ. ಅಲ್ಲಿಂದ ಹತ್ತಿರದ ಸ್ವಾನ್‌ಸ್ಟನ್ ಸ್ಟ್ರೀಟಿಗೆ ನಡೆದೆವು. 1976ರ ಫೆಬ್ರವರಿಯಲ್ಲಿ ಬ್ಯಾಂಡಿನವರೆಲ್ಲ ತೆರೆದ ಲಾರಿಯ ಮೇಲೆ ನಿಂತು, ತಮ್ಮದೊಂದು ಹಾಡಿಗೆ ಬ್ಯಾಗ್‌ಪೈಪ್ ಊದುತ್ತ ಸಾಗಿದ ರಸ್ತೆ ಅದು. ಬಾನ್ ಹುಡುಗನಾಗಿದ್ದಾಗ ಸ್ಕಾಟಿಷ್ ಪೈಪ್ ಬ್ಯಾಂಡಿನಲ್ಲಿದ್ದ ಎಂದು ಕೇಳಿದ ಜಾರ್ಜ್, ಹಾಗಾದರೆ ಈ ಹಾಡಿಗೆ ನೀನೇ ಊದು ಎಂದನಂತೆ. ಬಾನ್ ಅಲ್ಲಿ ನುಡಿಸುತ್ತಿದ್ದದ್ದು ಡ್ರಮ್ಮು. ಅದನ್ನೇನೂ ಹೇಳಲು ಹೋಗದೆ ಊದುವುದನ್ನು ಕಲಿತ.

ಟ್ರಾಮ್ ಕಾಯುತ್ತ ನಿಂತಾಗ 'ಪವರ್ ಅಪ್' ಆಲ್ಬಮ್ ಬಗ್ಗೆ ಜಗಳ ಮತ್ತೆ ಹತ್ತಿಕೊಂಡಿತು. 2014ರಲ್ಲಿ ಮಾಲ್ಕಮ್ ಮರೆವಿನ ಕಾಯಿಲೆಯಿಂದ ತಂಡ ಬಿಟ್ಟ. ತಾನೇ ಕಟ್ಟಿದ ಹಾಡುಗಳು ಅವನಿಗೆ ನೆನಪಿಗೆ ಬಾರದಂತಾಗಿದ್ದವು. ಅವನ ಜಾಗಕ್ಕೆ ಬಂದವನು ಇನ್ನೊಬ್ಬ ಅಣ್ಣನ ಮಗ ಸ್ಟೀವಿ ಯಂಗ್; ಮದ್ದಳೆ ಮನೆಯೊಳಗೇ ಉಳಿಯಿತು. 2017ರ ಅಕ್ಟೋಬರಿನಲ್ಲಿ ಜಾರ್ಜ್, ನವೆಂಬರಿನಲ್ಲಿ ಮಾಲ್ಕಮ್ ಹೋದರು. 2020ರ 'ಪವರ್ ಅಪ್' ಅಣ್ಣತಮ್ಮ ಕೂಡಿ ಹಿಂದೆ ಕಟ್ಟಿಟ್ಟಿದ್ದ ತುಣುಕುಗಳಿಂದ ಬೆಳೆದದ್ದು, ಎಲ್ಲ ಹಾಡುಗಳಿಗೂ ಇಬ್ಬರ ಹೆಸರಿದೆ. ನಾನು ಅದನ್ನು ಏಳನೆಯದಾಗಿ ಇಟ್ಟಿದ್ದೇನೆ, 'ಥಂಡರ್‌ಸ್ಟ್ರಕ್' ಇರುವ 'ದ ರೇಜರ್ಸ್ ಎಡ್ಜ್'ಗಿಂತ ಒಂದು ಮೆಟ್ಟಿಲು ಮೇಲೆ.

"ಇದು ಆಲ್ಬಮ್ಮಿಗೆ ಕೊಟ್ಟ ಮಾರ್ಕಲ್ಲ, ಮಾಲ್ಕಮ್‌ಗೆ ಕೊಟ್ಟ ಗ್ರೇಸ್ ಮಾರ್ಕ್" ಎಂದ ಅಳಿಯ.

"ಹೌದು. ನಿನ್ನ 'ಬ್ಯಾಕ್ ಇನ್ ಬ್ಲ್ಯಾಕ್‌'ನಲ್ಲಿ ಬಾನ್‌ಗೆ ಕೊಟ್ಟದ್ದು ಎಷ್ಟು?"

ಅವನು ಸ್ವಲ್ಪ ಹೊತ್ತು ಲೆಕ್ಕ ಹಾಕುವವನಂತೆ ನಿಂತ. ಆಮೇಲೆ, ಅದು ಬೇರೆ ಇದು ಬೇರೆ, 'ಥಂಡರ್‌ಸ್ಟ್ರಕ್' ಇರುವುದನ್ನು ಎಂಟಕ್ಕೆ ತಳ್ಳಿದವರ ಜತೆ ತನಗೆ ಮಾತಿಲ್ಲ ಎಂದು ಶುರು ಮಾಡಿದ. ಟ್ರಾಮ್ ಬಂತು, ಹತ್ತಿದೆವು. ಇಳಿಯುವವರೆಗೂ ಅದೇ ಆಯಿತು.