ಊರು ಬಿಟ್ಟು ಬಂದ ತಂಡ

ಡೆನ್ವರ್‌ನಲ್ಲಿ ಯಾರನ್ನಾದರೂ ಮಾತಿಗೆಳೆಯಬೇಕಾ? ‘ಅವ್ಸ್ ಆಟ ನೋಡಿದ್ರಾ?’ ಅಂತ ಕೇಳಿ, ಸಾಕು. ಅವ್ಸ್ ಅಂದರೆ ಕೊಲೊರಾಡೊ ಅವಲಾಂಚ್, ಇಲ್ಲಿನ ಐಸ್ ಹಾಕಿ ತಂಡ. ಆರು ವರ್ಷದ ಹಿಂದೆ ಮೈಸೂರಿಂದ ಬಂದಾಗ ನನಗೆ ಹಾಕಿ ಅಂದರೆ ಕೊಡಗಿನವರ ಆಟ, ಅಷ್ಟೇ. ಇಲ್ಲಿ ನೋಡಿದರೆ ಮಂಜುಗಡ್ಡೆಯ ಮೇಲೆ ಓಡುವ ಆ ಕಪ್ಪು ರಬ್ಬರ್ ಬಿಲ್ಲೆ ಕಣ್ಣಿಗೇ ಸಿಗಲ್ಲ. ಮುಕ್ಕಾಲು ನಿಮಿಷಕ್ಕೊಮ್ಮೆ ಆಟಗಾರರು ಬೇರೆ ಬದಲಾಗ್ತಾರೆ. 1,600 ಮೀಟರ್ ಎತ್ತರದ ಈ ಊರಲ್ಲಿ ಹೊರಗಿನ ತಂಡಗಳಿಗೆ ಬೇಗ ಏದುಸಿರು ಬರುತ್ತೆ ಅನ್ನೋದು ಇಲ್ಲಿಯವರ ಹೆಮ್ಮೆ. ಮೊದಲ ತಿಂಗಳು ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿದ ನಾನು ಅದನ್ನ ಪೂರ್ತಿ ನಂಬ್ತೀನಿ.

ಮಗನಿಗೆ ಈಗ ಹತ್ತು ವರ್ಷ. 2022ರಲ್ಲಿ ಅವಲಾಂಚ್ ಸ್ಟಾನ್ಲಿ ಕಪ್ ಗೆದ್ದಾಗ ಅವನಿಗಿನ್ನೂ ಸರಿಯಾಗಿ ಶೂ ಲೇಸ್ ಕಟ್ಟೋಕೆ ಬರ್ತಿರಲಿಲ್ಲ. ಆದರೆ ಕೇಲ್ ಮಕಾರ್‌ನ 8ನೇ ನಂಬರ್ ಜೆರ್ಸಿ ಬೇಕೇ ಬೇಕು ಅಂತ ಹಟ. ಅಂದಿನಿಂದ ‘ನಾವು ಗೆದ್ವಿ, ನಾವು ಸೋತ್ವಿ’ ಅಂತಲೇ ಅವನ ಮಾತು.

ನನ್ನ ಆಫೀಸಿನಲ್ಲಿ ಕೆನಡಾದ ಕ್ವಿಬೆಕ್ ಸಿಟಿಯವರೊಬ್ಬರಿದ್ದಾರೆ. ಈ ತಂಡ ಮೊದಲು ಅವರ ಊರಿನದು, ಹೆಸರು ನಾರ್ಡೀಕ್ಸ್. ಊರು ಚಿಕ್ಕದು, ಕೆನಡಾ ಡಾಲರ್ ಬೇರೆ ಬಿದ್ದಿತ್ತು, ನಷ್ಟ ಅಂತ ಮಾಲೀಕರು 1995ರಲ್ಲಿ ಮಾರಿಬಿಟ್ಟರು. ಡೆನ್ವರ್‌ಗೆ ಬಂದ ಮೊದಲ ವರ್ಷವೇ ತಂಡ ಕಪ್ ಗೆದ್ದಿತು! ನಾಯಕ ಅದೇ ಜೋ ಸ್ಯಾಕಿಕ್. ಗೋಲ್‌ಕೀಪರ್ ಆಗಷ್ಟೇ ಮಾಂಟ್ರಿಯಲ್‌ನಿಂದ ಬಂದಿದ್ದ, ಕ್ವಿಬೆಕ್ ಸಿಟಿಯಲ್ಲೇ ಹುಟ್ಟಿದ ಪ್ಯಾಟ್ರಿಕ್ ರುವಾ. ಕೊನೆಯ ಪಂದ್ಯ ಮೂರನೇ ಹೆಚ್ಚುವರಿ ಅವಧಿಯವರೆಗೂ ಎಳೆದು, 1-0ಗೆ ಮುಗಿದಾಗ ನಡುರಾತ್ರಿ ದಾಟಿತ್ತು. ‘ಅಪ್ಪ ಕೊನೆವರೆಗೂ ಕೂತು ನೋಡಿದರು. ಗೋಲ್ ಆದ ಮೇಲೆ ಏನೂ ಮಾತಾಡದೆ ಟಿವಿ ಆರಿಸಿದರು. ನನಗಾಗ ಹನ್ನೆರಡು ವರ್ಷ’ ಅಂದರು ಅವರು. ಇಷ್ಟು ವರ್ಷದಲ್ಲಿ ಅವರು ಅವ್ಸ್ ಟೋಪಿ ಹಾಕಿದ್ದು ನಾನು ನೋಡಿಲ್ಲ. ಅವರೂರಲ್ಲಿ 2015ರಲ್ಲಿ 18 ಸಾವಿರ ಜನ ಕೂರುವ ಹೊಸ ಅರೀನಾ ಎದ್ದಿದೆ. ತಂಡ ಮಾತ್ರ ಬಂದಿಲ್ಲ.

ಹಾಗಂತ ಡೆನ್ವರ್‌ನವರನ್ನ ಬೈಯೋ ಹಾಗೂ ಇಲ್ಲ. ಅವರ ಹಳೇ ತಂಡ ಕೊಲೊರಾಡೊ ರಾಕೀಸ್ 1982ರಲ್ಲಿ ಇವರನ್ನ ಬಿಟ್ಟು ನ್ಯೂಜೆರ್ಸಿಗೆ ಹೋಗಿ ಡೆವಿಲ್ಸ್ ಆಯ್ತು. ಅದೂ ಕಾನ್ಸಾಸ್ ಸಿಟಿಯಿಂದ ಬಂದಿದ್ದ ತಂಡವೇ, ಬಿಡಿ. 2001ರ ಫೈನಲ್‌ನಲ್ಲಿ ಅವಲಾಂಚ್ ಸೋಲಿಸಿದ್ದು ಆ ಡೆವಿಲ್ಸನ್ನೇ. ಆವತ್ತು ಕಪ್ ಕೈಗೆ ಬಂದಾಗ ನಾಯಕ ಸ್ಯಾಕಿಕ್ ತಾನು ಎತ್ತದೆ ರೇ ಬೋರ್ಕ್ ಕೈಗೆ ಕೊಟ್ಟ. ಬಾಸ್ಟನ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಆಡಿ, ಒಂದೂ ಕಪ್ ಸಿಗದೆ, ಕೊನೆಗಾಲದಲ್ಲಿ ಡೆನ್ವರ್‌ಗೆ ಬಂದಿದ್ದ ನಲವತ್ತರ ಆಟಗಾರ ಆತ. ಈ ವಿಡಿಯೊ ಒಮ್ಮೆ ಹುಡುಕಿ ನೋಡಿ. ಹದಿನೆಂಟು ವರ್ಷ ಆರ್‌ಸಿಬಿಗೆ ಕಾದ ನಮಗೆ ಕಾಮೆಂಟರಿ ಅರ್ಥವಾಗೋದೇ ಬೇಕಿಲ್ಲ. ಬೋರ್ಕ್ ಆಮೇಲೆ ಕಪ್ ಹಿಡಿದು ಬಾಸ್ಟನ್‌ಗೆ ಹೋದ. ಬೇರೆ ತಂಡದ ಕಪ್ ಅಂತ ಗೊತ್ತಿದ್ದೂ ಅಲ್ಲಿಯ ಜನ ಸಾವಿರಾರು ಮಂದಿ ಸೇರಿ ಚಪ್ಪಾಳೆ ಹೊಡೆದರು.

ಇದನ್ನೆಲ್ಲ ಈಗ ಬರೆಯೋಕೆ ಕಾರಣ ಇದೆ. ಮುಂದಿನ ಜೂನ್‌ನಲ್ಲಿ ನಾವು ಮೈಸೂರಿಗೆ ವಾಪಸ್. ಅತ್ತೆ-ಮಾವನಿಗೆ ವಯಸ್ಸಾಯ್ತು, ನಿರ್ಧಾರ ನನ್ನದೇ. ಮಗನಿಗೆ ಹೇಳಿದಾಗ ಅವನು ಮನೆ, ಗೆಳೆಯರು ಅಂತೇನೂ ಕೇಳಲಿಲ್ಲ. ‘ಹಾಗಾದ್ರೆ ಅವ್ಸ್?’ ಅಂದ. ‘ಮೈಸೂರಲ್ಲೂ ನೋಡಬಹುದು ಕಂದ’ ಅಂದೆ. ನನ್ನ ಧ್ವನಿ ನನಗೇ ನಂಬಿಕೆ ಬರೋ ಹಾಗಿರಲಿಲ್ಲ.

ಆಫೀಸಿನಲ್ಲಿ ಆ ಕ್ವಿಬೆಕ್‌ನವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವನಿಗೆ ನೋಡೋಕೆ ತಂಡವಾದರೂ ಇರುತ್ತಲ್ಲ’ ಅಂದರು.

ನಿನ್ನೆ ರಾತ್ರಿ ಮಗ ನೋಟ್‌ಬುಕ್ ಹಿಡಿದು ಲೆಕ್ಕ ಹಾಕ್ತಾ ಕೂತಿದ್ದ. ಇಲ್ಲಿ ಸಂಜೆ 7ಕ್ಕೆ ಶುರುವಾಗೋ ಆಟ ಚಳಿಗಾಲದಲ್ಲಿ ಮೈಸೂರಿಗೆ ಮರುದಿನ ಬೆಳಿಗ್ಗೆ 7.30. ‘ಅಮ್ಮಾ, ಅಲ್ಲಿ ಸ್ಕೂಲ್ ಬಸ್ ಎಷ್ಟೊತ್ತಿಗೆ ಬರುತ್ತೆ?’ ಅಂದ. ಎಂಟೂಕಾಲಿಗೆ ಇರಬಹುದು ಅಂದೆ. ಮೊದಲ ಪೀರಿಯಡ್ ಪೂರ್ತಿ ಸಿಗುತ್ತೆ ಅಂತ ಬರೆದುಕೊಂಡ.