ಉದಗೀರದ ಬಸ್ಸಿನಲ್ಲಿ ಹಿರಣ್ಯಕಶಿಪು

ಉಮರ್ಗಾ ಸ್ಟ್ಯಾಂಡ್ ಬಿಟ್ಟ ಕೆಂಪು ಬಸ್ಸು ಕಾಸಾರ ಶಿರಸಿ ದಾಟುವ ಹೊತ್ತಿಗೆ ನೀವು ಕಿಟಕಿ ಬಿಟ್ಟು ಪಕ್ಕದ ಹುಡುಗನ ಮೊಬೈಲಿಗೆ ಕಣ್ಣು ನೆಟ್ಟಿರುತ್ತೀರಿ. ಗಾಜು ಮೂಲೆಯಿಂದ ಮೂಲೆಗೆ ಸೀಳಿದೆ. ಕವರು ಕಳಚದಂತೆ ಎರಡು ಸುತ್ತು ರಬ್ಬರ್ ಬ್ಯಾಂಡ್. ಓಡುತ್ತಿರುವುದು ಬೇಸಿಲ್ ಜೋಸೆಫ್ ನಿರ್ದೇಶನದ 2021ರ ಮಲಯಾಳಂ ಚಿತ್ರ ‘ಮಿನ್ನಲ್ ಮುರಳಿ’, ಕನ್ನಡ ಡಬ್ಬಿಂಗಿನಲ್ಲಿ. ಹುಡುಗನ ಆಚೆ ಅವನ ಆಯಿ, ಮಡಿಲಲ್ಲಿ ಶೇಂಗಾ.

ಒಂದೇ ರಾತ್ರಿ ಇಬ್ಬರಿಗೆ ಸಿಡಿಲು ಬಡಿದಿದೆ. ದರ್ಜಿ ಜೈಸನ್ ಹೀರೋ, ಚಹಾದಂಗಡಿಯ ಆಳು ಶಿಬು ವಿಲನ್. ಶಕ್ತಿ ಬಂದದ್ದು ಇಬ್ಬರಿಗೂ. ಶಿಬು ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡ ಹೆಣ್ಣು ಕೊನೆಗೂ ಕೈಹಿಡಿಯುವ ಹೊತ್ತಿಗೆ ಬೆಂಕಿಗೆ ಬಲಿಯಾಗುತ್ತಾಳೆ. ಶಿಬು ಊರನ್ನೇ ಸುಡಲು ಹೊರಡುತ್ತಾನೆ. ಶಿಬುವಾಗಿ ಗುರು ಸೋಮಸುಂದರಂ ಅಳುತ್ತಿದ್ದಾರೆ, ಗಾಜಿನ ಸೀಳು ಅವರ ಕೆನ್ನೆಯ ಮೇಲೇ ಹಾದಿದೆ. ಆಯಿಯ ಕೈ ನಿಲ್ಲುತ್ತದೆ.

“ಪಾಪ, ಇಂವಂದೇನ್ ತಪ್ಪದ?”

“ಆಯಿ, ಇಂವ ವಿಲನ್!”

“ಇರ್ಲಿ ಬಿಡು. ಹಿರಣ್ಯಕಶಿಪೂನೂ ಹಂಗೇ. ಒಡಹುಟ್ಟಿದಂವ್ನ ಕೊಂದ್ರ ಯಾರ್ ಸುಮ್ಮ ಕೂಡ್ತಾರ?”

ಎಂಥ ಮಾತು! ವರಾಹ ಹಿರಣ್ಯಾಕ್ಷನನ್ನು ಕೊಂದಿರದಿದ್ದರೆ ಹಿರಣ್ಯಕಶಿಪುವಿಗೆ ಒಡಹುಟ್ಟಿದವನ ಸಾವಿನ ಆ ನೋವೂ ಇಲ್ಲ, ತಪಸ್ಸೂ ಇಲ್ಲ. ಆಮೇಲೆ ಬಂದ ವರವಂತೂ ವಕೀಲ ಬರೆದ ಕರಾರುಪತ್ರ: ಹಗಲಲ್ಲ ಇರುಳಲ್ಲ, ಒಳಗಲ್ಲ ಹೊರಗಲ್ಲ, ಮನುಷ್ಯನಿಂದಲ್ಲ ಮೃಗದಿಂದಲ್ಲ. ಸಂದು ಎಲ್ಲಿದೆ ಎಂದು ನೋಡುವವರೆಲ್ಲ ಹುಡುಕುತ್ತ ಕೂರುತ್ತಾರೆ. ಸೂಪರ್‌ಮ್ಯಾನ್‌ಗೆ ಕ್ರಿಪ್ಟೊನೈಟ್ ಇಟ್ಟವರ ಲೆಕ್ಕವೂ ಅದೇ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಎದುರಿಗೆ ಪ್ರಹ್ಲಾದನಾಗಿ ಅವರದೇ ಮಗ ಪುನೀತ್. ಅಷ್ಟು ದೊಡ್ಡ ನಟ ಗದರಿಸುತ್ತಾರೆ, ಮುದ್ದಿಸುತ್ತಾರೆ, ಸೋಲುತ್ತಾರೆ. ಹುಡುಗ ಮಾಡುವುದು ತಾಳಿಕೊಳ್ಳುವುದೊಂದೇ. ಕಾರಣವಿಲ್ಲದೆ ಲೋಕ ಸುಡಲು ಬರುವ ಗ್ರಾಫಿಕ್ಸ್ ಖಳರಿದ್ದಾರಲ್ಲ, ಅವರ ಹೆಸರು ಮರುದಿನಕ್ಕೆ ನನ್ನ ತಲೆಯಲ್ಲಿ ಉಳಿಯುವುದಿಲ್ಲ.

ನಿಲಂಗಾದಲ್ಲಿ ಅರ್ಧ ಬಸ್ಸು ಇಳಿಯುತ್ತದೆ. 1956ರವರೆಗೆ ಈ ಊರೂ ಉದಗೀರವೂ ಬೀದರ್ ಜಿಲ್ಲೆಯವು, ಆಯಿಯ ಕನ್ನಡ ಕೇಳಿದರೇ ಗೊತ್ತಾಗುತ್ತದೆ. ಕಂಡಕ್ಟರನ ಜೊತೆ ಮಾತ್ರ ಆಕೆಯದು ಚೊಕ್ಕ ಮರಾಠಿ. ತನ್ನ ಹೆಸರಿನ ದನದ ತಳಿಗೆ ಖ್ಯಾತವಾದ ದೇವಣಿ ದಾಟಿದ ಮೇಲೆ ಹುಡುಗನ ಚಾರ್ಜು ಮುಗಿದು, ಅವನ ಪ್ರಶ್ನೆಗಳು ನಿಮ್ಮತ್ತ ತಿರುಗುತ್ತವೆ.

“ಉದಗೀರ್ ಕಿಲ್ಲಾದಾಗ ಲಡಾಯಿ ಆಗಿತ್ತಂತ, ಖರೇನಾ?”

ಖರೆ. 1760ರ ಫೆಬ್ರವರಿಯಲ್ಲಿ ಮರಾಠರ ಸೇನಾನಿ ಸದಾಶಿವರಾವ್ ಭಾವೂ ನಿಜಾಮನ ಸೈನ್ಯವನ್ನು ಉದಗೀರದಲ್ಲಿ ಸೋಲಿಸಿದ. ಅವನ ಕಡೆಯಿಂದ ತೋಪು ಹಾರಿಸಿದ್ದು ಇಬ್ರಾಹಿಂ ಖಾನ್ ಗಾರ್ದಿಯ ಪಡೆ. ಮೊದಲು ಗಾರ್ದಿ ನಿಜಾಮನ ನೌಕರಿಯಲ್ಲೇ ಇದ್ದವನು. ಮರುವರ್ಷ ಜನವರಿಯಲ್ಲಿ ಪಾಣಿಪತ್ ಯುದ್ಧ. ಭಾವೂ ಬಿದ್ದ, ಗಾರ್ದಿ ಸೆರೆಸಿಕ್ಕು ಸತ್ತ.

ಹುಡುಗ ತಲೆ ಕೆರೆದುಕೊಳ್ಳುತ್ತಾನೆ. “ಗಾರ್ದಿ ಹೀರೋನಾ, ವಿಲನ್ನಾ?”

“ನೀನೇ ಹೇಳು.”

“ಅಂವ್ನ ಪವರ್ ತೋಪು. ವೀಕ್‌ನೆಸ್ ಏನು?”

ನೀವು ಬಾಯಿ ತೆರೆಯುವಷ್ಟರಲ್ಲಿ ಆಯಿ ಶೇಂಗಾ ಸಿಪ್ಪೆ ಕಿಟಕಿಯಾಚೆ ಕೊಡವುತ್ತಾಳೆ. “ಓಡಿ ಹೋಗ್ಲಿಲ್ಲಲ್ಲ, ಅದೇ.”