ಗೌರಿ ಹೂವು ಬೇಲಿಗೆ ಚೆಂದ, ನಾಯಿ ಇರೋ ಅಂಗಳಕ್ಕೆ ಬೇಡ

ಮಳೆ ಬಿದ್ದ ಮೇಲೆ ನಮ್ಮ ಕೂಡ್ಲಿಗಿ, ಕೊಟ್ಟೂರು ಕಡೆ ಬೇಲಿ ಮ್ಯಾಲೆ ಗೌರಿ ಹೂವಿನ ಬಳ್ಳಿ ಹಬ್ಬೈತೆ. ಅಗ್ನಿಶಿಖೆ, ಕೋಳಿಕುಟುಮ ಅಂತಲೂ ಕರೀತಾರೆ. ಆರು ಎಸಳು, ಬುಡದಾಗ ಹಳದಿ, ತುದಿಗೆ ಕೆಂಪು, ಬೆಂಕಿ ಎದ್ದಂಗೆ ಮೇಲಕ್ಕೆ ಮಡಚಿರ್ತಾವೆ. ಎಲೆ ತುದಿ ಸುರುಳಿಯಾಗಿ ಪಕ್ಕದ ಕಡ್ಡಿ ಹಿಡ್ಕೊಂಡು ಹತ್ತುತ್ತೆ. ಗೆಡ್ಡೆ ತಂದು ಅಂಗಳದಾಗ ಹಚ್ಚೋಣ ಅಂತ ಮನೆಯಾಗ ಮಾತು ಬಂತು. ನಾನು ಬೇಡ ಅಂದೆ. ಕಾರಣ ನಮ್ಮ ನಾಯಿ.

ನಮ್ಮ ಕಡೆ ನಾಯಿ ಶೋಕಿಗೆ ಸಾಕೋದಲ್ಲ. ಶೇಂಗಾ, ಮೆಕ್ಕೆಜೋಳದ ಹೊಲಕ್ಕೆ ಹಂದಿ ನುಗ್ಗಿದ್ರೆ ಮೊದಲು ಬೊಗಳೋದು ಅದೇ. ಗುಡೇಕೋಟೆ ಕಡೆ ಕರಡಿ ಸುಳಿವು ಕೊಡೋದೂ ಅದೇ. ಕುರಿ ಕಾಯೋರಿಗಂತೂ ಅದು ಮನೆ ಆಳಿದ್ದಂಗೆ.

ಈ ಬಳ್ಳಿಯ ಎಲ್ಲ ಭಾಗವೂ ವಿಷ. ಗೆಡ್ಡೆ ಮತ್ತು ಬೀಜದಾಗ ಹೆಚ್ಚು. ಆ ವಿಷದ ಹೆಸರು ಕಾಲ್ಚಿಸಿನ್. ಮನುಷ್ಯರ ಕೀಲುನೋವಿನ ಒಂದು ಗುಳಿಗೆಯಾಗ ಅದು ಬರೀ 0.5 ಮಿಲಿಗ್ರಾಂ ಇರ್ತದೆ. ಜಾಸ್ತಿ ಆದ್ರೆ ದೇಹದಾಗ ಹೊಸ ಜೀವಕೋಶ ಹುಟ್ಟೋದೇ ನಿಲ್ತದೆ. ಕರುಳಿನ ಒಳಪದರ, ರಕ್ತ ತಯಾರಾಗೋ ಮೂಳೆ ಮಜ್ಜೆ ಮೊದಲು ಪೆಟ್ಟು ತಿಂತಾವೆ.

ನಾಯಿ ಹೂವು ತಿಂತದೆ ಅನ್ನೋದಕ್ಕಿಂತ ಗೆಡ್ಡೆ ಕಡೀತದೆ ಅನ್ನೋದೇ ನನಗೆ ಭಯ. ಹಸಿ ಮಣ್ಣು ಕಂಡ್ರೆ ಕೆದರ್ತದೆ, ಇಲಿ ವಾಸನೆ ಬಂದ್ರೆ ಅಗೀತದೆ. ಮರಿಗಳಂತೂ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕ್ತಾವೆ. ಗೆಡ್ಡೆ ನೇಗಿಲಿನಂಗೆ ಬಾಗಿರ್ತದೆ, ಅದಕ್ಕೇ ಸಂಸ್ಕೃತದಾಗ ಲಾಂಗಲಿ ಅಂತಾರೆ. ಶ್ರೀಲಂಕಾದಾಗ ಗೆಣಸು ಅಂತ ತಿಳಿದು ಮನುಷ್ಯರೇ ತಿಂದು ಸತ್ತದ್ದುಂಟು. ಇನ್ನು ನಾಯಿಗೆ ಏನು ಗೊತ್ತಾಗ್ತದೆ?

ಹಾಗಂತ ಬೇಲಿಯಾಗಿನ ಬಳ್ಳಿ ಎಲ್ಲ ಕಿತ್ತು ಹಾಕ್ರಿ ಅಂತ ಹೇಳ್ತಿಲ್ಲ. ತಮಿಳುನಾಡಿಗೆ ಇದು ರಾಜ್ಯದ ಹೂವು. ಅಲ್ಲಿ ಮೂಲನೂರು ಕಡೆ ರೈತರು ಬೀಜಕ್ಕಂತಲೇ ಬೆಳೀತಾರೆ, ಬೀಜ ಔಷಧಿ ತಯಾರಿಕೆಗೆ ಹೋಗ್ತದೆ. ವಿಷ ಇರೋದಕ್ಕೇ ಅದಕ್ಕೆ ಬೆಲೆ. ಇರೋ ಜಾಗದಾಗ ಇರ್ಲಿ. ಬದು ಸರಿ ಮಾಡಿಸುವಾಗ ಜೆಸಿಬಿ ಬೇಲಿ ಬುಡ ಎತ್ತಿದ್ರೆ ಮಾತ್ರ ಮೇಲೆ ಬಂದ ಗೆಡ್ಡೆ ಆರಿಸಿ, ನಾಯಿ, ದನ, ಕುರಿ ಮುಟ್ಟದಂಗೆ ಆಳವಾದ ಗುಂಡಿಗೆ ಹಾಕಿ ಮುಚ್ರಿ. ಕೈ ತೊಳ್ಕೊಳ್ರಿ.

ನಾಯಿ ತಿಂದೈತೆ ಅಂತ ಅನುಮಾನ ಬಂದ್ರೆ ಕಾಯಬ್ಯಾಡ್ರಿ. ಮೊದಲ ಕೆಲವು ತಾಸು ಆರಾಮ ಇದ್ದಂಗೇ ಕಾಣಬಹುದು. ಆಮೇಲೆ ಜೊಲ್ಲು, ವಾಂತಿ, ರಕ್ತ ಬೆರೆತ ಭೇದಿ ಶುರುವಾಗ್ತದೆ. ಇದಕ್ಕೆ ಅಂತಲೇ ಇರೋ ಮದ್ದು ಇಲ್ಲ. ಬೇಗ ಹೋದ್ರೆ ಡಾಕ್ಟ್ರು ಇದ್ದಿಲು ಪುಡಿಯ ಔಷಧಿ, ಡ್ರಿಪ್ ಕೊಟ್ಟು ಉಳಿಸೋಕೆ ನೋಡ್ತಾರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬ್ಯಾಡ್ರಿ, ನಾಯಿಗೆ ಉಪ್ಪೂ ವಿಷ ಆಗ್ತದೆ. ಕಡಿದ ಗೆಡ್ಡೆಯ ತುಂಡು ಚೀಲದಾಗ ಹಾಕ್ಕೊಂಡು ಪಶು ಆಸ್ಪತ್ರೆಗೆ ಒಯ್ರಿ. ದಾರಿಯಲ್ಲೇ 1962ಕ್ಕೆ ಫೋನ್ ಮಾಡಿ ಕೇಳ್ರಿ.

ಅಂಗಳಕ್ಕೆ ಹೂವು ಬೇಕೇಬೇಕು ಅಂದ್ರೆ ನಮ್ಮ ಹಡಗಲಿ ಮಲ್ಲಿಗೆ ಐತಲ್ಲ. ಅದು ನಾಯಿಗೆ ವಿಷ ಅಲ್ಲ. ಕಣಗಿಲೆ ಮಾತ್ರ ಬ್ಯಾಡ, ಅದೂ ವಿಷವೇ. ನಾವು ಬಾಗಿಲ ಪಕ್ಕ ಮಲ್ಲಿಗೆ ಹಚ್ಚೀವಿ. ಗೌರಿ ಹೂವು ನೋಡಬೇಕು ಅನ್ನಿಸಿದಾಗ ಹೊಲದ ಬೇಲಿ ತನಕ ನಡೀತೀವಿ.